ದೇವರ ಹಾಸಿಗೆಯ ಕೆಳಗೆ ಮೂವತ್ತು ಕೂಚ

ಮೂರು ವಾರದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಆಂಜನೇಯಸ್ವಾಮಿಯ ಬೆನ್ನ ಕೆಳಗೆ ನಾನು ಮೂವತ್ತು ಕಲ್ಲು ಕಂಬಗಳನ್ನು ಬಚ್ಚಿಟ್ಟೆ.

ಸ್ವಾಮಿ ಏನೂ ಅನ್ನಲಿಲ್ಲ. ಅವರ ಕಣ್ಣಿಗೆ ಅರಿಶಿನದ ಬಟ್ಟೆ ಕಟ್ಟಿತ್ತು. ಅನ್ನಬೇಕಾಗಿದ್ದ ಇನ್ನೊಬ್ಬ ನಮಾಜಿಗೆ ಹೋಗಿದ್ದ.

ಹಾಗಂತ ನನ್ನನ್ನು ಕಳ್ಳ ಅಂದುಕೊಳ್ಳಬೇಡಿ. (ಅಂದುಕೊಂಡರೂ ಬೇಜಾರಿಲ್ಲ. ವಾರಾ ವಾರಾ ಪತ್ರಿಕೆಯ ಈ ಜಾಗ ಓದುವವರು ಇದಕ್ಕಿಂತ ಕೆಟ್ಟದ್ದನ್ನೇ ಅಂದುಕೊಂಡಿದ್ದೀರಿ, ನನಗೆ ಗೊತ್ತು.) ಕಂಬಗಳು ನನ್ನವೇ. ದುಡ್ಡು ಕೊಟ್ಟು ತಂದವು. ಬೇಲಿಗೆ ನೆಡುವ ಈ ಕಲ್ಲು ಕಂಬಕ್ಕೆ ನಮ್ಮ ಕಡೆ ಕೂಚ ಅನ್ನುತ್ತೇವೆ. ಒಂದೊಂದು ಏಳಡಿ ಉದ್ದ, ಹತ್ತಿರ ಹತ್ತಿರ ನೂರು ಕೆಜಿ. ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹತ್ತಿರ ನನ್ನ ಅಳಿಯನಿಗೆ ಒಂದು ಮಾವಿನ ತೋಟ ಇದೆ. ಅದಕ್ಕೆ ಬೇಲಿ ಇಲ್ಲ. ಲಾರಿಯೊಂದು ಆ ಕಡೆಗೇ ಹೋಗುತ್ತಿತ್ತು.

ಹೆಂಗೂ ಹೋಗ್ತಿದೆಯಲ್ಲ!

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಭಾರವಾದ ಮಾತು ಇನ್ನೊಂದಿಲ್ಲ.

ನಾನು ಕೋಲಾರದಲ್ಲಿ ನಲವತ್ತು ವರ್ಷ ಲಾರಿ ಬುಕಿಂಗ್ ಆಫೀಸ್ ನಡೆಸಿದವನು. ಹೊಸ ಓದುಗರಿಗೆ ಇಷ್ಟು ಹೇಳಿದರೆ ಸಾಕು: ಆ ನಲವತ್ತು ವರ್ಷದಲ್ಲಿ ನನ್ನ ಹೆಸರು ಯಾವ ಚೆಕ್‌ಪೋಸ್ಟಿನ ಯಾವ ಪುಸ್ತಕದಲ್ಲೂ ಬಂದಿಲ್ಲ. ಬೇಕಾದರೆ ಹುಡುಕಿ. ಒಮ್ಮೆ ಮಾಲೂರಿನಿಂದ ಹೆಂಚು ತುಂಬಿಸಿದ ಲಾರಿ ಹೊರಟಿತ್ತು. ತುಂಬಿಸಿದ್ದು ಸ್ವಲ್ಪ ಧಾರಾಳವಾಗಿತ್ತು. ನಾನು ಸ್ಕೂಟರಿನಲ್ಲಿ ಮುಂದೆ ಹೋಗಿ ಚೆಕ್‌ಪೋಸ್ಟಿನವರಿಗೆ, "ಹಿಂದೆ ಒಂದು ಲಾರಿ ಜೇನುಗೂಡಿಗೆ ಗುದ್ಕೊಂಡು ಬರ್ತಾ ಇದೆ, ನೋಡ್ಕೊಳ್ಳಿ ಸಾರ್" ಅಂದೆ. ಲಾರಿ ಬಂದಾಗ ಗೇಟು ತೆರೆದಿತ್ತು. ಕಿಟಕಿ ಬಾಗಿಲೆಲ್ಲ ಮುಚ್ಚಿದ್ದವು. ಡ್ರೈವರ್ ಟಾಟಾ ಮಾಡಿಕೊಂಡು ಬಂದ.

ಆ ಡ್ರೈವರೇ ಚಾಂದ್ ಪಾಷ.

ಪಾಷನಿಗೆ ಈಗ ಅರವತ್ಮೂರು. ಸ್ವಂತದ್ದೊಂದು ಸಣ್ಣ ಲಾರಿ ಇದೆ. ನಾಲ್ಕು ಟನ್ ಪಾಸಿಂಗ್; ಅಂದರೆ ನಾಲ್ಕು ಟನ್ನಿಗಿಂತ ಒಂದು ಬದನೆಕಾಯಿ ಹೆಚ್ಚು ಹಾಕುವಂತಿಲ್ಲ. ನಾನು ಆಫೀಸು ಮುಚ್ಚಿ ಹತ್ತು ವರ್ಷವಾದರೂ ನನ್ನನ್ನು ಏಜೆಂಟ್ರೇ ಅಂತಲೇ ಕರೆಯುತ್ತಾನೆ. ನನ್ನ ಜೊತೆ ಇದ್ದು ಇದ್ದು ಅವನೂ ನಗುನಗುತ್ತಾ ಇರಬೇಕಿತ್ತು. ಆದರೆ ಈಚೆಗೆ ಅವನು ಬಹಳ ಸೀರಿಯಸ್ಸಾಗಿದ್ದಾನೆ.

ಕಾರಣ ಉಂಟು. ಹೋದ ವರ್ಷ ಟೊಮೇಟೊ ಸೀಸನ್ನಿನಲ್ಲಿ ಓವರ್‌ಲೋಡ್ ಅಂತ ಹಿಡಿದು ಮೂರು ತಿಂಗಳು ಅವನ ಲೈಸೆನ್ಸ್ ಸಸ್ಪೆಂಡ್ ಮಾಡಿದರು. ಆ ಮೂರು ತಿಂಗಳೂ ಅವನು ಮನೆ ಮುಂದೆ ನಿಂತ ಲಾರಿಯನ್ನು ದಿನಕ್ಕೆರಡು ಸಲ ಒರೆಸಿದ. ಒರೆಸಿ ಒರೆಸಿ ಹಿಂದೆ ಬರೆದಿದ್ದ 'ಅಮ್ಮನ ಆಶೀರ್ವಾದ' ಅರ್ಧ ಅಳಿಸಿಹೋಯಿತು. ಇನ್ನೊಂದು ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಪೂರ್ತಿ ಹೋಯಿತು, ಈ ವಯಸ್ಸಿನಲ್ಲಿ ಮತ್ತೆ ಯಾರು ಕೊಡುತ್ತಾರೆ ಅನ್ನುವುದು ಅವನ ಭಯ. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಅಡುಗೆಮನೆಯಲ್ಲಿ ಬಿಂದಿಗೆ ಎತ್ತುವಾಗಲೂ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದ ಹಾಗೇ ಹಿಡಿಯುತ್ತಾನೆ ಅಂತ ಅವನ ಹೆಂಡತಿಯೇ ಹೇಳುತ್ತಾರೆ.

ಇಂಥವನಿಗೆ ನಾನೇ ಒಂದು ಬಾಡಿಗೆ ಹಿಡಿದುಕೊಟ್ಟೆ. ಶಿವಾರಪಟ್ಟಣದಿಂದ ಎಂಟಡಿಯ ಆಂಜನೇಯ. ಅಳಿಯನ ಊರಿನವರೇ ಮಾಡಿಸಿದ್ದು. ಅವರ ಊರ ಗುಡ್ಡದ ಮೇಲೆ ಹೊಸ ಗುಡಿ ಕಟ್ಟಿದ್ದಾರೆ. ತೋಟ ಅದೇ ಗುಡ್ಡದ ಆಚೆ ಬದಿಗೆ.

ಶಿಲ್ಪಿಯ ಹೆಸರು ಮುನಿವೀರಾಚಾರಿ. ಕೈಯಲ್ಲಿ ಉಳಿ ಇರುವಾಗ ಮಾತಾಡುವುದಿಲ್ಲ. ಉಳಿ ಕೆಳಗಿಟ್ಟಾಗಲೂ ಹೆಚ್ಚು ಮಾತಾಡುವುದಿಲ್ಲ. ಪಾಷ ಲಾರಿ ರಿವರ್ಸ್ ಹಾಕಿ ಇಳಿದವನೇ ಕೇಳಿದ.

"ಆಚಾರ್ರೇ, ಸ್ವಾಮಿ ತೂಕ ಎಷ್ಟು ಬರ್ತದೆ?"

ಆಚಾರ್ರು ಅವನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ಮದುವೆ ಮನೆಗೆ ಹೋಗಿ ಹೆಣ್ಣಿನ ತೂಕ ಕೇಳಿದವನನ್ನು ನೋಡುತ್ತಾರಲ್ಲ, ಹಾಗೆ.

"ದೇವರನ್ನ ತಕ್ಕಡಿಗೆ ಹಾಕಲ್ಲಪ್ಪ ನಾವು. ನಮ್ಮಪ್ಪ ಹಾಕಿಲ್ಲ, ನಮ್ಮ ತಾತ ಹಾಕಿಲ್ಲ. ಎಂಟಡಿ. ಅಷ್ಟೇ."

ಅಲ್ಲಿ ಲೆಕ್ಕವೆಲ್ಲ ಅಡಿ, ಅಂಗುಲದ್ದೇ. ಬಿಲ್ಲಿನಲ್ಲೂ 'ವಿಗ್ರಹ ಒಂದು, ಎಂಟಡಿ' ಅಂತ ಬರೆದಿತ್ತು. ಪಾಷ ತಲೆ ಕೆರೆದುಕೊಂಡ. "ಹೋಗ್ತಾ ನರಸಾಪುರದ ಹತ್ರ ವೇಬ್ರಿಡ್ಜ್ ಮೇಲೆ ಒಂದ್ಸಲ ಹತ್ತಿಸ್ಲಾ ಏಜೆಂಟ್ರೇ?" ಅಂತ ನನ್ನ ಕಿವಿಯಲ್ಲಿ ಕೇಳಿದ.

"ಲೇ ಪಾಷಾ, ನಲವತ್ತು ವರ್ಷದಿಂದ ಲಾರಿ ಓಡಿಸ್ತಿದೀಯ. ಕಮಾನು ನೋಡಿದ್ರೆ ಗೊತ್ತಾಗಲ್ವೇನೋ?" ಅಂದೆ.

ಇದು ಅವನ ಮರ್ಮಕ್ಕೆ ತಾಗುವ ಮಾತು. ಕಮಾನು ಅಂದರೆ ಲಾರಿಯ ಹಿಂಚಕ್ರದ ಮೇಲಿರುವ ಬಾಗಿದ ಕಬ್ಬಿಣದ ಪಟ್ಟಿಗಳ ಕಟ್ಟು. ಲಾರಿ ಖಾಲಿ ಇದ್ದಾಗ ಅದರ ಎರಡೂ ತುದಿ ಮೇಲಕ್ಕಿದ್ದು, ನಗುವ ಬಾಯಿಯ ಹಾಗೆ ಕಾಣುತ್ತದೆ. ಲೋಡ್ ಬಿದ್ದಂತೆಲ್ಲ ನೆಟ್ಟಗಾಗುತ್ತದೆ. ಪಾಷನ ಶಾಸ್ತ್ರ ಚಿಕ್ಕದು: ಕಮಾನು ನಗುತ್ತಿದ್ದರೆ ಹೊರಡು, ಬಾಯಿ ಮುಚ್ಚಿದ್ದರೆ ನಿಲ್ಲು. ಲೈಸೆನ್ಸ್ ವಾಪಸ್ ಬಂದ ಮೇಲೆ ದಿನಕ್ಕೆ ಹತ್ತು ಸಲ ಬಗ್ಗಿ ಅದರ ಮುಖ ನೋಡುತ್ತಾನೆ. ಹೆಂಡತಿಯ ಮುಖವನ್ನೂ ಅಷ್ಟು ನೋಡಿರಲಾರ.

ಅಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು. "ನೀವಿದೀರಲ್ಲ ಏಜೆಂಟ್ರೇ, ಲೋಡ್ ಮಾಡಿಸಿ" ಅಂದು ಯಾರದೋ ಬೈಕಿನ ಹಿಂದೆ ಕೂತು ಹೊರಟ.

ನೀವಿದೀರಲ್ಲ! ನಿಜ. ನಾನಿದ್ದೆ.

ಪಕ್ಕದ ಅಂಗಳದಲ್ಲೇ ನಾನು ಹಿಂದಿನ ದಿನ ಮಾತಾಡಿಟ್ಟಿದ್ದ ಕೂಚಗಳಿದ್ದವು. ಆರು ಜನ ಆಳುಗಳು. ನಾನು ಕೈ ಬೀಸಿದೆ. ಲಾರಿಯ ತಳಕ್ಕೆ ಮೂವತ್ತು ಕೂಚ ಸಾಲಾಗಿ ಮಲಗಿದವು. ಅದರ ಮೇಲೆ ಮರಳಿನ ಚೀಲ, ಅದರ ಮೇಲೆ ಮಂಡಿಯುದ್ದ ರಾಗಿ ಹುಲ್ಲು. ವಿಗ್ರಹಕ್ಕೆ ಹೇಗೂ ಹುಲ್ಲಿನ ಹಾಸಿಗೆ ಹಾಕಲೇಬೇಕು, ಇಲ್ಲದಿದ್ದರೆ ರಸ್ತೆಯ ಹಳ್ಳಕ್ಕೆ ಬಾಲ ಬಿರುಕು ಬಿಡುತ್ತದೆ. ಅದರ ಮೇಲೆ ಕ್ರೇನಿನಲ್ಲಿ ಸ್ವಾಮಿಯನ್ನು ಮಲಗಿಸಿದೆವು. ಆಚಾರ್ರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದು ನಾನು ಬೀಡಿ ಸೇದುತ್ತಿದ್ದೆ.

ಮನಸ್ಸು ಚುಚ್ಚಲಿಲ್ಲವೇ ಅಂತ ಕೇಳುತ್ತೀರಿ. ಸಂಜೀವಿನಿ ಬೆಟ್ಟವನ್ನೇ ಪರ್ಮಿಟ್ ಇಲ್ಲದೆ ಹೊತ್ತುಕೊಂಡು ಹಾರಿದವನಿಗೆ ಮೂವತ್ತು ಕೂಚ ಯಾವ ಲೆಕ್ಕ? ಇಳಿಸುವಾಗ ಪಾಷನಿಗೆ ತೋರಿಸಿ, ಅವನ ಮುಖ ನೋಡಿ ನಗೋಣ ಅಂತಿದ್ದೆ. ವಾಸ್ತವವಾಗಿ ಇದು ತಮಾಷೆ. ಬೇಲಿ ಅದರ ಜೊತೆಗೆ ಬಂದದ್ದು.

ಪಾಷ ವಾಪಸ್ ಬಂದ. ಟೋಪಿ ಮಡಿಸಿ ಜೇಬಿಗಿಟ್ಟ. ಬಗ್ಗಿದ. ಎದ್ದ. ಮತ್ತೆ ಬಗ್ಗಿದ.

"ಏಜೆಂಟ್ರೇ, ಕಮಾನು ನಗ್ತಾ ಇಲ್ಲ."

"ಎಂಟಡಿ ಆಂಜನೇಯ ಕಣೋ. ಭೀಮನೇ ಬಾಲ ಎತ್ತೋಕಾಗದೆ ಸೋತವನು. ನಿನ್ನ ಕಮಾನು ಯಾವ ಲೆಕ್ಕ?"

ನಮ್ಮ ದೇವರ ಬಗ್ಗೆ ಅವನು ಯಾವತ್ತೂ ಎದುರಾಡಿದವನಲ್ಲ. ಬೇರೆಯವರ ದೇವರು ಹೆಚ್ಚು ಭಾರ ಅನ್ನುವುದು ಮರ್ಯಾದೆಯಲ್ಲ ಅಂತ ಅವನಿಗೆ ಅನ್ನಿಸಿರಬೇಕು. ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ.

ನಾನು ಸ್ವಾಮಿಗೆ ಸೇವಂತಿಗೆ ಹಾರ ಹಾಕಿದ್ದೆ. ಹಿಂದಿನ ಹಲಗೆಗೆ ಊದುಬತ್ತಿ ಸಿಕ್ಕಿಸಿದ್ದೆ. ನನ್ನ ಪ್ಲಾನ್ ಸರಳ. ಯಾರು ನಿಲ್ಲಿಸಿದರೂ ತಾರ್ಪಾಲು ಸರಿಸುವುದು, ಕೈ ಮುಗಿಯುವುದು. ದೇವರನ್ನು ಯಾರು ತೂಕ ಹಾಕುತ್ತಾರೆ?

ಕೋಲಾರ ದಾಟಿದ ಮೇಲೆ ಒಂದು ಬ್ಯಾರಿಕೇಡ್. ಖಾಕಿ ತೊಟ್ಟವರೊಬ್ಬರು ಕೈ ಅಡ್ಡ ಹಾಕಿ, "ಏನು ಲೋಡು?" ಅಂದರು. ನಾನು ತಾರ್ಪಾಲು ಸರಿಸಿದೆ. ಅವರು ಬೂಟು ಬಿಚ್ಚಿದರು. ನಮಸ್ಕಾರ ಮಾಡಿದರು. "ಹಾರದಿಂದ ಒಂದು ಹೂವು ಕೊಡ್ರಿ ಯಜಮಾನ್ರೇ, ಮಗಳಿಗೆ ಪರೀಕ್ಷೆ" ಅಂದರು. ಎರಡು ಕೊಟ್ಟೆ.

"ನೋಡ್ದಾ?" ಅಂತ ಪಾಷನ ಕಡೆ ತಿರುಗಿದೆ. "ನಲವತ್ತು ವರ್ಷದ ಸರ್ವೀಸು."

ಪಾಷ ಗೇರು ಬದಲಾಯಿಸುತ್ತಾ, "ಗಾಡಿ ಎಳೀತಾ ಇಲ್ಲ ಏಜೆಂಟ್ರೇ. ಥರ್ಡಲ್ಲೇ ಅಳ್ತಾ ಇದೆ" ಅಂದ.

ಮುಳಬಾಗಿಲು ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ಒಂದು ಶಾಮಿಯಾನ. ಮೋಟಾರು ವಾಹನ ಇನ್‌ಸ್ಪೆಕ್ಟರ್ ಅಂತ ಬೋರ್ಡು ಹಾಕಿದ ಜೀಪು. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಟೋಪಿ ಹಾಕಿಕೊಂಡು ನಿಂತಿದ್ದರು. ಜೊತೆಗೊಬ್ಬ ಹೋಮ್‌ಗಾರ್ಡ್. ನಮ್ಮ ಮುಂದೆ ಐದು ಲಾರಿ ಸಾಲಾಗಿ ನಿಂತಿದ್ದವು. ಟೈರಿಗೆ ಬಡಿದು ನೋಡುತ್ತಿದ್ದರು, ಹಿಂದಿನ ರೇಡಿಯಂ ಸ್ಟಿಕ್ಕರ್ ನೋಡುತ್ತಿದ್ದರು, ಬ್ರೇಕ್ ಒತ್ತಿಸುತ್ತಿದ್ದರು.

ನಮ್ಮ ಸರದಿ ಬರುವ ಹೊತ್ತಿಗೆ ನಮ್ಮ ಹಿಂದೆಯೂ ಐದು ಲಾರಿ ಸೇರಿದ್ದವು. ತಾರ್ಪಾಲು ಸರಿಸಿದೆ. ಹೋಮ್‌ಗಾರ್ಡ್ ಟೋಪಿ ತೆಗೆದು, "ಅಬ್ಬ, ಎಂತ ಬಾಗುನ್ನಾಡು ಸಾಮಿ!" ಅಂತ ತೆಲುಗಿನಲ್ಲಿ ಸ್ವಾಮಿಯ ಚೆಲುವನ್ನು ಹೊಗಳಿದ. ಅರ್ಧ ಗೆದ್ದೆ ಅಂದುಕೊಂಡೆ.

ಇನ್‌ಸ್ಪೆಕ್ಟರಮ್ಮನೂ ಕೈ ಮುಗಿದರು. ಆಮೇಲೆ ಅದೇ ಕೈಯಲ್ಲಿ ಪುಸ್ತಕ ತೆಗೆದರು.

"ತೂಕ ಎಷ್ಟು ತಾತ?"

"ದೇವರನ್ನ ತೂಕ ಹಾಕಬಾರದಮ್ಮ. ಶಾಸ್ತ್ರ ಇದೆ. ಅಪಚಾರ ಆಗ್ತದೆ."

"ಹೌದಾ?"

"ಹೌದಮ್ಮ. ಶಿವಾರಪಟ್ಟಣದಲ್ಲಿ ಯಾರನ್ನ ಬೇಕಾದ್ರೂ ಕೇಳು."

"ಸರಿ ತಾತ. ದೇವರನ್ನ ತೂಕ ಹಾಕೋದು ಬೇಡ" ಅಂದರು. ನಾನು ಪಾಷನ ಕಡೆ ನೋಡಿ ಕಣ್ಣು ಹೊಡೆಯುವಷ್ಟರಲ್ಲಿ, "ಲಾರಿಯನ್ನ ಹಾಕ್ತೀನಿ" ಅಂದರು.

ಹೋಮ್‌ಗಾರ್ಡ್ ಜೀಪಿನಿಂದ ಎರಡು ದಪ್ಪ ಹಲಗೆ ತಂದು ಟೈರಿನ ಮುಂದೆ ಇಟ್ಟ. ನಮ್ಮ ಕಾಲದಲ್ಲಿ ತೂಕ ಹಾಕಬೇಕಾದರೆ ಲಾರಿ ವೇಬ್ರಿಡ್ಜಿಗೆ ಹೋಗಬೇಕಿತ್ತು. ದಾರಿಯಲ್ಲಿ ಏನು ಬೇಕಾದರೂ ಆಗಬಹುದಿತ್ತು. (ಆಗುತ್ತಿತ್ತು.) ಈಗ ವೇಬ್ರಿಡ್ಜೇ ಜೀಪಿನಲ್ಲಿ ಕೂತು ನಮ್ಮ ಹತ್ತಿರ ಬರುತ್ತದೆ. ಇದು ಅನ್ಯಾಯ ಅಂತ ನನಗೆ ಆ ಕ್ಷಣದಲ್ಲಿ ಅನ್ನಿಸಿತು.

ಒಂದೊಂದೇ ಚಕ್ರದ ಜೋಡಿಯನ್ನು ಹಲಗೆಗೆ ಹತ್ತಿಸಿದರು. ಎಲ್ಲ ಕೂಡಿ, ಆರ್‌ಸಿಯಲ್ಲಿರುವ ಖಾಲಿ ಲಾರಿಯ ತೂಕ ಕಳೆದರು.

"ಲೋಡು ಐದೂವರೆ ಟನ್. ಪಾಸಿಂಗ್ ನಾಲ್ಕು."

ಪಾಷ ಲಾರಿಯಿಂದ ಇಳಿದವನು ಫುಟ್‌ಬೋರ್ಡ್ ಹಿಡಿದುಕೊಂಡೇ ನಿಂತ.

"ಲೈಸೆನ್ಸ್ ಕೊಡಿ ಭಾಯ್."

ಕೊಟ್ಟ. ಅವರು ನೋಡಿದರು. ತಮ್ಮ ಫೋನಿನಲ್ಲಿ ಏನೋ ಒತ್ತಿ ಮತ್ತೆ ನೋಡಿದರು. "ಹೋದ ವರ್ಷ ಒಂದ್ಸಲ ಸಸ್ಪೆಂಡ್ ಆಗಿದೆಯಲ್ಲ?"

"ಆಗಿದೆ ಮೇಡಂ. ಅದಾದ ಮೇಲೆ ಒಂದು ಕೆಜಿ ಜಾಸ್ತಿ ಹಾಕಿಲ್ಲ. ಅಲ್ಲಾನ ಆಣೆ. ಇದು ನಂದಲ್ಲ. ಇದೆಲ್ಲ ಸ್ವಾಮೀದೇ ತೂಕ. ದೇವರ ಭಾರ ನಾವು ಹೆಂಗೆ ಕೇಳೋದು ಹೇಳಿ?"

ಅವನು ಆಂಜನೇಯನ ಪರವಾಗಿ ಅಲ್ಲಾನ ಮೇಲೆ ಆಣೆ ಇಡುತ್ತಿದ್ದ. ನಾನು ಇಬ್ಬರ ಮಧ್ಯೆ ಬಾಯಿ ಹಾಕುವುದು ಸರಿಯಲ್ಲ ಅಂದುಕೊಂಡೆ.

ಇನ್‌ಸ್ಪೆಕ್ಟರಮ್ಮ ಬಿಲ್ಲು ಕೇಳಿದರು. ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಟಣ್ ಟಣ್ ಸದ್ದು ನಿಂತು ಆಚಾರ್ರ ದನಿ ಬಂತು.

"ಆಚಾರ್ರೇ, ನೀವು ಕಳಿಸಿದ ಆಂಜನೇಯ ಎಷ್ಟು ತೂಕ?"

"ಛೆ ಛೆ. ದೇವರ ತೂಕ ಹೇಳಬಾರದು ತಾಯಿ."

"ಬೇಡ ಬಿಡಿ. ಬಂಡೆ ತಂದ್ರಲ್ಲ, ಆ ಬಂಡೆ ಎಷ್ಟಿತ್ತು?"

"ಓ, ಬಂಡೇನಾ? ಬಂಡೆ ತೂಕ ಇದೆ. ಕಲ್ಲಿನೋರು ತೂಕದ ಮೇಲೇ ಕೊಡೋದು. ಚೀಟಿ ಇಲ್ಲೇ ಗೋಡೇಲಿ ಚುಚ್ಚಿದೀನಿ. ತಡೀರಿ... ಮೂರು ಟನ್ ಇನ್ನೂರು."

ಇನ್‌ಸ್ಪೆಕ್ಟರಮ್ಮ ಪೆನ್ನಿನ ಕ್ಯಾಪು ಹಾಕಿದರು. ಮತ್ತೆ ತೆಗೆದರು.

"ಮೂರು ಟನ್ ಇನ್ನೂರರ ಬಂಡೆ. ಒಡೆದು, ಕೆತ್ತಿ, ಚೂರೆಲ್ಲ ಉದುರಿದ ಮೇಲೆ ಐದೂವರೆ ಟನ್. ಆಚಾರ್ರೇ, ನೀವು ಕೆತ್ತಿದ್ರಾ, ಮೆತ್ತಿದ್ರಾ?"

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ಒಳ್ಳೆಯ ಮಾತು, ನಾನೇ ಆಡಬೇಕಿದ್ದ ಮಾತು. ಇನ್ನೊಬ್ಬರ ಬಾಯಿಂದ ಬಂದಾಗ ಅಷ್ಟು ನಗು ಬರಲಿಲ್ಲ.

ಪಾಷ ನಗಲಿಲ್ಲ. ಅವನು ಲೋಡನ್ನು ನೋಡಿದ. ಹುಲ್ಲನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಹುಣಸೆ ಮರವನ್ನು ನೋಡಿದೆ. ಹೋಮ್‌ಗಾರ್ಡ್ ಹುಲ್ಲಿಗೆ ಕೈ ಹಾಕಲು ಹೋದ.

"ಆಂಜನೇಯನ ಹಾಸಿಗೆ ಕಣಪ್ಪಾ, ಮುಟ್ಟಬೇಡ!" ಅಂದೆ. ಅವನು ಕೈ ಹಿಂದೆಗೆದ.

ನನ್ನ ಹತ್ತಿರ ಇನ್ನೂ ಎರಡು ಮೂರು ಉಪಾಯಗಳಿದ್ದವು. ಹುಲ್ಲು ನೆನೆದಿದೆ ಅನ್ನಬಹುದಿತ್ತು. ಹಲಗೆಯ ಮಿಷನ್ನು ಕೆಟ್ಟಿದೆ ಅನ್ನಬಹುದಿತ್ತು. ಎದೆ ಹಿಡಿದುಕೊಂಡು ಕೂತುಬಿಡಬಹುದಿತ್ತು. ಎಪ್ಪತ್ತೆರಡರ ವಯಸ್ಸಿಗೆ ಅದು ಚೆನ್ನಾಗಿ ಒಪ್ಪುತ್ತದೆ, ಎರಡು ಸಲ ಪ್ರಯೋಗ ಮಾಡಿದ್ದೇನೆ. ಯಾವುದನ್ನು ಆರಿಸೋಣ ಅಂತ ಯೋಚಿಸುತ್ತಿದ್ದೆ.

ಇನ್‌ಸ್ಪೆಕ್ಟರಮ್ಮ ಅಷ್ಟರಲ್ಲಿ ಬಾಟಲಿಯಿಂದ ಅಂಗೈಗೆ ನೀರು ಸುರಿದು, ಹಿಂಚಕ್ರದ ಬ್ರೇಕ್ ಡ್ರಮ್ಮಿನ ಮೇಲೆ ಚಿಮುಕಿಸಿದರು. ಚುಂಯ್ ಅಂತು.

"ಕೋಲಾರದಿಂದ ಇಲ್ಲೀವರೆಗೂ ರೋಡು ಸಲೀಸಾಗಿದೆ. ಅಂಥ ರೋಡಿಗೇ ಬ್ರೇಕು ಇಷ್ಟು ಕಾದಿದೆ. ಎಲ್ಲಿಗೆ ತಗೊಂಡ್ಹೋಗ್ತಿದೀರ ತಾತ?"

ಊರ ಹೆಸರು ಹೇಳಿದೆ. "ಗುಡ್ಡದ ಮೇಲೆ ಗುಡಿ."

"ಗುಡ್ಡದ ಮೇಲಕ್ಕೆ ಲಾರಿ ಹೋಗತ್ತಾ?"

"ಹೋಗ್ತದಮ್ಮ. ಮಣ್ಣಿನ ರೋಡು ಮಾಡಿದಾರೆ. ಸ್ವಲ್ಪ ಏರು."

"ಸ್ವಾಮಿನ ಸುಮ್ನೆ ಹತ್ತಿಸಲ್ಲ ಅಲ್ವಾ? ಮೆರವಣಿಗೆ ಇರತ್ತೆ."

"ಇಲ್ದೆ ಏನು? ಇಡೀ ಊರೇ ಬರ್ತದೆ. ತಮಟೆ, ವಾಲಗ. ಹೆಣ್ಮಕ್ಕಳು ಕಳಸ ಹೊತ್ಕೊಂಡು" ಅಂದೆ, ಹೆಮ್ಮೆಯಿಂದ. "ನನ್ನ ಮಗಳೂ ಹೊರ್ತಾಳೆ."

"ಲಾರಿ ಮುಂದೇನಾ, ಹಿಂದೇನಾ?"

ಇಷ್ಟೇ ಅವರು ಕೇಳಿದ್ದು. ದನಿ ಏರಿಸಲಿಲ್ಲ. ಭಾಷಣ ಮಾಡಲಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ ಒಂದು ವಿವರದ ಹಾಗೆ ಕೇಳಿದರು.

ಹಿಂದೆ. ಬಯಲಲ್ಲಾದರೆ ಕಳಸ ಮುಂದೆ; ಗುಡ್ಡಕ್ಕೆ ಲಾರಿ ನಿಲ್ಲದೆ ಹತ್ತಬೇಕು. ಎಲ್ಲರೂ ಹಿಂದೆಯೇ. ಲಾರಿಗೆ ಕೈ ತಾಗುವಷ್ಟು ಹತ್ತಿರ. ಏರಿನಲ್ಲಿ.

ನಲವತ್ತು ವರ್ಷ ಚೆಕ್‌ಪೋಸ್ಟುಗಳಲ್ಲಿ ನನಗೆ ನೂರಾರು ಪ್ರಶ್ನೆ ಕೇಳಿದ್ದಾರೆ. ಉಪಾಯ ಹುಡುಕದೆ ಬಿಟ್ಟಿದ್ದು ಅದೊಂದಕ್ಕೇ.

"ಪಾಷನ ಲೈಸೆನ್ಸ್ ಕೊಡಮ್ಮ" ಅಂದೆ. "ಅವನಿಗೆ ಗೊತ್ತಿಲ್ಲ. ಕೆಳಗೆ ಮೂವತ್ತು ಕೂಚ ಇದೆ. ಅವನು ನಮಾಜಿಗೆ ಹೋದಾಗ ನಾನೇ ಹಾಕಿಸಿದ್ದು."

ಈ ಸಲ ಸಾಲಿನಲ್ಲಿದ್ದ ಡ್ರೈವರುಗಳೂ ನಗಲಿಲ್ಲ. ಪಾಷ ಲಾರಿಯ ಹಿಂದಕ್ಕೆ ಹೋಗಿ, ಬಗ್ಗಿ, ಕಮಾನಿನ ಮೇಲೆ ಕೈ ಇಟ್ಟ. ಜ್ವರ ಬಂದವರ ಹಣೆ ಮುಟ್ಟುತ್ತಾರಲ್ಲ, ಹಾಗೆ. ನನ್ನನ್ನು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ಬೈಯಲಿಲ್ಲ.

ಇನ್‌ಸ್ಪೆಕ್ಟರಮ್ಮ ಹೆಚ್ಚಿನ ಭಾರ ಅಲ್ಲೇ ಇಳಿಸಿದ ಮೇಲೇ ಲಾರಿ ಬಿಡುವುದು ಅಂದರು. ಕೂಚ ತೆಗೆಯಬೇಕಾದರೆ ಮೊದಲು ಸ್ವಾಮಿಯನ್ನು ಎತ್ತಬೇಕು. ಹೈವೇ ರಿಪೇರಿಗೆ ಅಂತ ಹತ್ತಿರದಲ್ಲೇ ನಿಂತಿದ್ದ ಒಂದು ಕ್ರೇನ್ ಕರೆಸಿದರು. ಆಂಜನೇಯಸ್ವಾಮಿ ಹಾರದ ಸಮೇತ ಗಾಳಿಯಲ್ಲಿ ನಿಂತರು. ಅವರ ಕೆಳಗಿನಿಂದ ನನ್ನ ಬೇಲಿ ಒಂದೊಂದೇ ಕಂಬವಾಗಿ ಎಲ್ಲರ ಕಣ್ಣೆದುರಿಗೆ ಹೊರಗೆ ಬಂತು. ಹೋಮ್‌ಗಾರ್ಡ್ ಜೋರಾಗಿ ಎಣಿಸುತ್ತಿದ್ದ, ತೆಲುಗಿನಲ್ಲಿ. ಮುಪ್ಪೈ ಬರುವವರೆಗೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕ್ರೇನಿನವನು ತನ್ನ ಮುಂದಿದ್ದ ಮೀಟರ್ ನೋಡಿ, "ಸ್ವಾಮಿ ಕರೆಕ್ಟಾಗಿ ಎರಡು ಟನ್..." ಅಂತ ಬಾಯಿ ತೆಗೆದ.

"ಹೇಳಬೇಡ!" ಅಂತ ನಾವೆಲ್ಲ ಒಟ್ಟಿಗೆ ಕೂಗಿದೆವು. ನಾನು, ಹೋಮ್‌ಗಾರ್ಡ್, ಐದು ಲಾರಿಯ ಡ್ರೈವರುಗಳು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಪಾಷ. ಇನ್‌ಸ್ಪೆಕ್ಟರಮ್ಮ ಮುಖ ಆಚೆ ತಿರುಗಿಸಿ ರಸ್ತೆ ನೋಡಿದರು. ಸ್ವಾಮಿಯ ತೂಕ ಇವತ್ತಿಗೂ ನಮಗ್ಯಾರಿಗೂ ಗೊತ್ತಿಲ್ಲ.

ಲಾರಿಯನ್ನು ಮತ್ತೆ ಹಲಗೆಯ ಮೇಲೆ ಹತ್ತಿಸಿದರು. ನಾಲ್ಕು ಟನ್ನಿನ ಒಳಗೆ ಬಂತು. ಬ್ರೇಕು ತಣಿಯುವವರೆಗೂ ಕೂರಿಸಿ, ಒತ್ತಿಸಿ ನೋಡಿ, ಆಮೇಲೆ ಪುಸ್ತಕ ತೆರೆದರು.

"ಕೇಸು ಬರೀಲೇಬೇಕು ತಾತ. ಗಾಡಿ ಓಡಿಸಿದೋರು ಅಷ್ಟೇ ಅಲ್ಲ, ಓವರ್‌ಲೋಡಲ್ಲಿ ಓಡೋ ಹಾಗೆ ಮಾಡಿದೋರೂ ಬರ್ತಾರೆ. ಹೆಸರು ಹೇಳಿ."

ಹೇಳಿದೆ. ತಂದೆಯ ಹೆಸರು, ಊರು, 'ಕೂಚಗಳನ್ನು ಚಾಲಕರಿಗೆ ತಿಳಿಯದಂತೆ ನಾನೇ ತುಂಬಿಸಿರುತ್ತೇನೆ' ಅಂತ ಹೇಳಿಕೆ, ಸಹಿ. ನಲವತ್ತು ವರ್ಷ ಕಾಪಾಡಿಕೊಂಡು ಬಂದ ದಾಖಲೆ ನೀಲಿ ಇಂಕಿನಲ್ಲಿ ಮುರಿಯಿತು. (ಸಹಿ ಮಾತ್ರ ಬಹಳ ಚೆನ್ನಾಗಿ ಬಂತು.)

ಪಾಷನಿಗೆ ಲೈಸೆನ್ಸ್ ವಾಪಸ್ ಕೊಡುತ್ತಾ, "ನಿಮ್ಮದೂ ತಪ್ಪಿದೆ ಭಾಯ್. ದೇವರಾಗಲಿ, ಏಜೆಂಟಾಗಲಿ, ತೂಕ ನೋಡದೆ ಗಾಡಿ ತೆಗೀಬೇಡಿ" ಅಂದರು. ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಅಂಗಿಯ ಒಳಜೇಬಿಗಿಟ್ಟು, ಗುಂಡಿ ಹಾಕಿದ.

ನಾನು ಲಾರಿ ಹತ್ತಿ ನನ್ನ ಜಾಗದಲ್ಲಿ ಕೂತೆ. ಅವನು ಈ ಕಡೆ ಬಂದು ಬಾಗಿಲು ತೆರೆದ.

"ಇಳೀರಿ ಏಜೆಂಟ್ರೇ."

"ಯಾಕೋ?"

"ನೀವು ಎಪ್ಪತ್ತೆರಡು ಕೆಜಿ ಇದೀರಿ."

"ಲಾರಿ ನಾಲ್ಕು ಟನ್ ಒಳಗೇ ಇದೆಯಲ್ಲೋ."

"ಇದೆ. ಹಂಗೇ ಇರಲಿ."

ಇಳಿದೆ. ಲಾರಿ ಹೋಯಿತು. ಅಳಿಯನಿಗೆ ಫೋನ್ ಮಾಡಿ ಟ್ರ್ಯಾಕ್ಟರ್ ತರಲು ಹೇಳಿ, ನನ್ನ ಬೇಲಿಯ ಮೇಲೆ ಕೂತೆ.

ಒಂದೂವರೆ ಗಂಟೆ ಕೂತಿದ್ದೆ. ಬೇರೆ ಕೆಲಸ ಇಲ್ಲದ್ದರಿಂದ ತಪಾಸಣೆ ನೋಡಿದೆ. ಇಷ್ಟು ವರ್ಷ ಆ ಕಡೆಯಿಂದ ನೋಡಿದ್ದೆ, ಮೊದಲ ಸಲ ಈ ಕಡೆಯಿಂದ ನೋಡಿದ್ದು. ಒಂದು ಲಾರಿಯಲ್ಲಿ ಪೇಪರಿನ ಪ್ರಕಾರ ಪಶು ಆಹಾರ. ಅದರ ಮೇಲೆ ಡ್ರೈವರನ ಭಾವನ ಎರಡು ಬೀರು, ಒಂದು ಮಂಚ. "ಹೆಂಗೂ ಹೋಗ್ತಿತ್ತಲ್ಲ ಮೇಡಂ." ಇನ್ನೊಂದರಲ್ಲಿ ಮೂಟೆಗಳ ಮೇಲೆ ಎಂಟು ಜನ, ನಾಮಕರಣಕ್ಕೆ ಹೊರಟವರು. "ಹೆಂಗೂ ಹೋಗ್ತಿತ್ತು." ಒಬ್ಬನ ಹಿಂದಿನ ಟೈರು ನನ್ನ ತಲೆಗಿಂತ ನುಣುಪಾಗಿತ್ತು. ಅವನು, "ಇದೊಂದು ಟ್ರಿಪ್ ಮೇಡಂ" ಅಂದ. ಟೈರಿಗೆ ಗೊತ್ತಾಗುತ್ತದೆಯೇ ಇದು ಎಷ್ಟನೇ ಟ್ರಿಪ್ ಅಂತ?

ನಾವೂ ಅಷ್ಟೇ. ಯಾರಾದರೂ ಊರಿಗೆ ಹೊರಟರೆ ಸುಮ್ಮನೆ ಕಳಿಸಿದ್ದೇವೆಯೇ? ಒಂದು ಮೂಟೆ ರಾಗಿ, ಎರಡು ಹಲಸಿನಹಣ್ಣು, ಅತ್ತಿಗೆಗೆ ಕೊಡಬೇಕಾದ ಒರಳು. ಬಸ್ಸಿನ ಟಾಪಿನ ಮೇಲೆ, ಸ್ಕೂಟರಿನ ಮುಂದೆ, ಆಟೋದ ಡ್ರೈವರನ ತೊಡೆಯ ಮೇಲೆ. ಹೊರುವವನು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಹೊತ್ತವನ ಕಮಾನು ನೆಟ್ಟಗಾದರೆ, ಅದು ಅವನ ಹಣೆಬರಹ. ಯಾವ ಚೆಕ್‌ಪೋಸ್ಟು ತಾನೇ ಇದನ್ನೆಲ್ಲ ತೂಗುತ್ತದೆ?

ಟ್ರ್ಯಾಕ್ಟರ್ ಬಂತು. ಮೂವತ್ತನ್ನೂ ಒಂದೇ ಸಲಕ್ಕೆ ಹಾಕೋಣ ಅಂತ ಅಳಿಯ ತೋಳು ಮಡಿಸಿದ. ಶಾಮಿಯಾನ ಬಿಚ್ಚಿಸುತ್ತಿದ್ದ ಇನ್‌ಸ್ಪೆಕ್ಟರಮ್ಮ ಜೀಪಿಗೆ ಹಾಕಿದ್ದ ಆ ಎರಡು ಹಲಗೆಯಲ್ಲಿ ಒಂದನ್ನು ಮತ್ತೆ ಕೆಳಗಿಳಿಸಿದರು.

ಅವತ್ತು ಹದಿನೈದು ಒಯ್ದೆವು. ಉಳಿದ ಹದಿನೈದು ಮರುದಿನ.

ನಾವು ಊರು ಮುಟ್ಟುವ ಹೊತ್ತಿಗೆ ಮೆರವಣಿಗೆ ಮುಗಿದಿತ್ತು. ಮೇಲೆ ಗುಡಿಯ ಹತ್ತಿರ ಪಾಷನ ಲಾರಿ ನಿಂತಿತ್ತು, ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಬೆಳಕು ಇನ್ನೂ ಇತ್ತು. ನಾನು ನಡೆದೇ ಹತ್ತಿದೆ. ಸ್ವಲ್ಪ ಏರು ಅಂದಿದ್ದೆನಲ್ಲ, ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆ. ದಾರಿಯುದ್ದಕ್ಕೂ ಹೂವು ಚೆಲ್ಲಿತ್ತು. ಕೆಂಪು ಮಣ್ಣಿನಲ್ಲಿ ಲಾರಿಯ ಚಕ್ರದ ಗುರುತು ಮೂಡಿತ್ತು. ಅದರ ಮೇಲೆ, ಬುಡದಿಂದ ತುದಿಯವರೆಗೆ, ಬರಿಗಾಲಿನ ಹೆಜ್ಜೆಗಳು. ದೊಡ್ಡವು, ಸಣ್ಣವು. ಚಕ್ರದ ಗುರುತು ಅಳಿಸಿಹೋಗುವಷ್ಟು.

ಮಗಳು ಖಾಲಿ ಕಳಸ ಹಿಡಿದು ಇಳಿದು ಬರುತ್ತಿದ್ದಳು. "ಎಲ್ಲಿ ಹೋಗಿದ್ದೆ ಅಪ್ಪಾ? ಲಾರೀಲಿ ನೀನೂ ಬರ್ತೀಯ ಅಂದ್ಕೊಂಡಿದ್ದೆ" ಅಂದಳು.

"ಓವರ್‌ಲೋಡ್ ಆಯ್ತಮ್ಮ" ಅಂದೆ. ಅವಳು ನಕ್ಕಳು. ನಾನು ಏನು ಹೇಳಿದರೂ ನಗುವುದು ಅವಳಿಗೆ ಅಭ್ಯಾಸ.

ಪಾಷ ಎರಡು ವಾರ ನನ್ನ ಮನೆ ಕಡೆ ತಿರುಗಲಿಲ್ಲ. ನಾನು ಫೋನ್ ಮಾಡಲಿಲ್ಲ, ನನಗೂ ಮರ್ಯಾದೆ ಇದೆ. (ಮಾಡಿದೆ. ನಾಲ್ಕು ಸಲ. ಎತ್ತಲಿಲ್ಲ.) ಮೊನ್ನೆ ಬೆಳಗ್ಗೆ ಬಾಗಿಲ ಮುಂದೆ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಅದೇ ಲಾರಿ. 'ಅಮ್ಮನ ಆಶೀರ್ವಾದ' ಹೊಸದಾಗಿ ಬರೆಸಿದ್ದ.

"ಶ್ರೀನಿವಾಸಪುರಕ್ಕೆ ಹೋಗ್ತಿದೀನಿ. ಖಾಲಿ ಗಾಡಿ. ಬರ್ತೀರಾ?" ಅಂದ, ರಸ್ತೆ ನೋಡಿಕೊಂಡು.

ನಾನು ಎರಡೂ ಕೈ ಬೀಸಿಕೊಂಡು ಹತ್ತಿದೆ. ಚೀಲವಿಲ್ಲ, ಛತ್ರಿಯಿಲ್ಲ. ಅವನು ಇಂಜಿನ್ ಸ್ಟಾರ್ಟ್ ಮಾಡಿದ. ಆಫ್ ಮಾಡಿದ. ಬಾಗಿಲು ತೆರೆದು ಇಳಿದು ಹಿಂದಕ್ಕೆ ಹೋದ. ನಾನು ಕನ್ನಡಿಯಲ್ಲಿ ನೋಡಿದೆ. ಬಗ್ಗಿದ್ದ.

ಎಪ್ಪತ್ತೆರಡು ಕೆಜಿಯ ಒಬ್ಬ ಮುದುಕನನ್ನು ಹತ್ತಿಸಿಕೊಂಡು, ಖಾಲಿ ಲಾರಿಯ ಕಮಾನು ನೋಡಲು ಇಳಿದು ಹೋಗುವ ಡ್ರೈವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?